ಗೀಚಕ್ಕ ಒಂದಕ್ಷರ ಬಿಡಲಿಲ್ಲ

ನಮ್ಮ ಕೋರ್ಟಿನಲ್ಲಿ ಆಕೆಯ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಬಿಲ್ಲು ಬರೆಯುವ ಗುಮಾಸ್ತನೊಬ್ಬನಿಗೇ. ಮಿಕ್ಕವರಿಗೆಲ್ಲ ಆಕೆ ಗೀಚಕ್ಕ. ನ್ಯಾಯಾಧೀಶರು ಬಾಯಲ್ಲಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಸರಸರ ಬರೆದುಕೊಂಡು, ಆಮೇಲೆ ಕೂತು ಟೈಪು ಮಾಡಿ ಕೊಡುವುದು ಆಕೆಯ ಕೆಲಸ. ಆ ಹೆಸರಿಟ್ಟ ಪಾಪಿ ನಾನೇ. ನಾನು ಅದೇ ಕೋರ್ಟು ಹಾಲಿನ ಜವಾನ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಕೂಗೀ ಕೂಗೀ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಹಾಗಾಗಿ ಇದನ್ನೂ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಿವಿ ನೋವಾದರೆ ನನ್ನನ್ನು ಬೈಯಬೇಡಿ, ಇಲಾಖೆಯನ್ನು ಬೈಯಿರಿ.

ಗೀಚಕ್ಕನಿಗೆ ಒಂದು ಚಟವಿತ್ತು. ಸಾಹೇಬರ ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಳ್ಳುವಳು. ತೀರ್ಪಿನ ಮಾತಷ್ಟೇ ಅಲ್ಲ, ನಡುವೆ ಅವರು ಫ್ಯಾನು ಆರಿಸು ಎಂದದ್ದು, ವಕೀಲನೊಬ್ಬನನ್ನು ಕತ್ತೆ ಎಂದದ್ದು, ಕೆಮ್ಮಿದ್ದು, ಆಕಳಿಸಿದ್ದು, ಎಲ್ಲ. ಟೈಪು ಮಾಡುವಾಗ ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಮಾತ್ರ ಇಳಿಸುವಳು. ಬೇರೆ ಕೋರ್ಟಿನ ಶೀಘ್ರಲಿಪಿಕಾರರು ಇದನ್ನು ಕೇಳಿ ನಗುತ್ತಿದ್ದರು. ಈ ಹೆಂಗಸಿಗೆ ಕೈ ನೋಯುವುದಿಲ್ಲವೇ ಎಂದು ನನ್ನನ್ನು ಕೇಳುತ್ತಿದ್ದರು, ಆಕೆಯ ಕೈ ನನ್ನ ಹತ್ತಿರ ಇದೆಯೇನೋ ಎನ್ನುವಂತೆ.

ಆ ಚಟಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಕೆ ಬುದ್ಧಿವಂತೆಯಾಗಿದ್ದಳಂತೆ, ಸಾಹೇಬರು ಗೊಣಗಿದ್ದು ಯಾವುದು, ಹೇಳಿದ್ದು ಯಾವುದು ಎಂದು ತಾನೇ ತೂಗಿ ಬರೆಯುತ್ತಿದ್ದಳಂತೆ. ಒಂದು ದಿನ ಆಗಿನ ಸಾಹೇಬರು ಎದ್ದು ಹೋಗುತ್ತಾ ಬಾಗಿಲ ಹತ್ತಿರ ಏನೋ ಅಂದರು. ಗೊಣಗಾಟ ಅಂದುಕೊಂಡು ಈಕೆ ಪುಸ್ತಕ ಮುಚ್ಚಿದಳು. ಅವರು ಅಂದದ್ದು, ಆ ಆರೋಪಿಯನ್ನು ಇವತ್ತೇ ಬಿಡುಗಡೆ ಮಾಡತಕ್ಕದ್ದು ಎಂದು. ಅಕ್ಷರದಲ್ಲಿ ಬರದ ಆಜ್ಞೆಯನ್ನು ಯಾರು ಪಾಲಿಸುತ್ತಾರೆ? ಆ ಮನುಷ್ಯ ಸುಮ್ಮಸುಮ್ಮನೆ ಇನ್ನೂ ಒಂಬತ್ತು ದಿನ ಜೈಲಿನಲ್ಲಿ ಕೊಳೆತ. ಹೊರಗೆ ಬಂದ ಮೇಲೆ ಆತ ಬೈಯಲಿಲ್ಲವಂತೆ, ಬರೀ ಆಕೆಯ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ಹೋದನಂತೆ. ಅವತ್ತಿನಿಂದ ಗೀಚಕ್ಕ ತೂಗುವುದನ್ನು ಬಿಟ್ಟಳು. ಬಿದ್ದದ್ದೆಲ್ಲ ಬರೆ, ಸೋಸುವುದು ಆಮೇಲೆ ಎನ್ನುವುದೇ ಆಕೆಯ ಕಾಯಿದೆಯಾಯಿತು.

ಈಗ ನಮ್ಮ ಸಾಹೇಬರ ವಿಷಯಕ್ಕೆ ಬರೋಣ. ಇವರು ಸಂತರೇನಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೂಗಿನ ತುದಿಯಲ್ಲೇ ಕೋಪ. ನನ್ನ ಮೇಲೆ ಎರಡು ಸಲ ಫೈಲು ಎಸೆದಿದ್ದಾರೆ, ಅದರಲ್ಲಿ ಒಂದು ಸಲ ತಪ್ಪು ನನ್ನದಲ್ಲ. ತಮ್ಮ ಪೆನ್ನಿಗೆ ಕಚೇರಿಯ ಶಾಯಿ, ತಮ್ಮ ಮನೆಯ ಪತ್ರಕ್ಕೆ ಕಚೇರಿಯ ಲಕೋಟೆ. ಬಡ್ತಿಯ ಆಸೆಯಂತೂ ಅವರ ಮುಖದ ಮೇಲೆ ಬರೆದಿತ್ತು. ಮೇಲಿನ ಕೋರ್ಟಿಗೆ ಹೋಗಬೇಕು, ಅಲ್ಲಿ ಕೂತು ನಿವೃತ್ತರಾಗಬೇಕು, ಅಷ್ಟೇ ಅವರ ಜೀವನದ ಗುರಿ. ಆದರೆ ಫೈಲು ಮಾತ್ರ ಓದುತ್ತಿದ್ದರು. ಕೊನೇ ಹಾಳೆಯವರೆಗೆ, ಅಂಚಿನಲ್ಲಿ ಕೆಂಪು ಗೆರೆ ಹಾಕಿಕೊಂಡು ಓದುತ್ತಿದ್ದರು. ಅದೊಂದು ಗುಣಕ್ಕೆ ನಾನು ಆ ಎರಡು ಫೈಲುಗಳ ಏಟನ್ನು ಮನ್ನಿಸಿದ್ದೇನೆ.

ಅವರ ಮುಂದೆ ಒಂದು ಕೇಸು ಬಂತು. ಶಾಲೆಯೊಂದರ ಆಟದ ಮೈದಾನಕ್ಕೆ ಮಂತ್ರಿಯೊಬ್ಬ ಬೇಲಿ ಹಾಕಿ, ಅಂಗಡಿ ಸಾಲು ಕಟ್ಟಿಸಲು ಶುರು ಮಾಡಿದ್ದ. ಮಕ್ಕಳು ಚೆಂಡು ಎಸೆದರೆ ಸಿಮೆಂಟು ಮೂಟೆಯ ಮೇಲೆ ಬೀಳುತ್ತಿತ್ತು. ಶಾಲೆಯ ಹೆಡ್‌ಮಾಸ್ತರು ಕೋರ್ಟಿಗೆ ಬಂದರು. ಮಂತ್ರಿಯ ಪರ ಒಂಬತ್ತು ವಕೀಲರು, ಹೆಡ್‌ಮಾಸ್ತರ ಪರ ಒಬ್ಬ, ಅವನಿಗೂ ನೆಗಡಿ. ಆದರೆ ಹೆಡ್‌ಮಾಸ್ತರು ಎಲ್ಲಿಂದಲೋ ಹಳೆಯ ಅಳತೆ ನಕ್ಷೆಯೊಂದನ್ನು ಹುಡುಕಿ ತಂದು ಫೈಲಿಗೆ ಹಾಕಿದ್ದರು. ಅದರಲ್ಲಿ ಮೈದಾನ ಶಾಲೆಯದು ಎಂದು ಸರ್ಕಾರದ್ದೇ ಮೊಹರು. ಒಂಬತ್ತು ಜನ ಸೇರಿಯೂ ಆ ಮೊಹರನ್ನು ಅಳಿಸಲಾಗಲಿಲ್ಲ.

ತೀರ್ಪು ಹೇಳಿ ಬರೆಸುವ ದಿನ ಸಾಹೇಬರ ಕೊಠಡಿಯಲ್ಲಿ ಇದ್ದವರು ಮೂವರು. ಅವರು, ಎದುರಿಗೆ ಗೀಚಕ್ಕ, ಬಾಗಿಲ ಒಳಬದಿಯಲ್ಲಿ ನಾನು. ನಲವತ್ತು ಪುಟ ಹೇಳಿದರು. ಕಡೆಯ ಪುಟಕ್ಕೆ ಬಂದಾಗ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನಮಗೋ, ತಮಗೋ, ಗೋಡೆಗೋ ಒಂದಿಷ್ಟು ಮಾತಾಡಿದರು. ಹಿಂದಿನ ದಿನ ಕಾನೂನು ಕಾರ್ಯದರ್ಶಿಯ ಫೋನು ಬಂದಿತ್ತಂತೆ. ಮಂತ್ರಿಯನ್ನು ಬಿಟ್ಟರೆ ಬಡ್ತಿ ಎಂದನಂತೆ. ತಮಗೆ ಹೆದರಿಕೆಯಾಗುತ್ತಿದೆ ಎಂದರು. ನಕ್ಷೆಯೊಂದು ಇರದಿದ್ದರೆ ಬಿಟ್ಟೇಬಿಡುತ್ತಿದ್ದೆ ಎಂದೂ ಅಂದರು. ಹೇಳಿ, ಕೆಮ್ಮಿ, ಕನ್ನಡಕ ಹಾಕಿಕೊಂಡು, ಮೈದಾನವನ್ನು ಶಾಲೆಗೆ ಕೊಡುವ ಆಜ್ಞೆ ಬರೆಸಿದರು. ಗೀಚಕ್ಕನ ಪೆನ್ಸಿಲು ಮಾತ್ರ ಈ ಹೊತ್ತಿನಲ್ಲಿ ಎಲ್ಲೂ ನಿಲ್ಲಲಿಲ್ಲ. ಸಾಹೇಬರು ಅದನ್ನು ನೋಡಲಿಲ್ಲ, ನಾನು ನೋಡಿದೆ.

ತೀರ್ಪು ಹೊರಬಿದ್ದ ಮೂರನೇ ದಿನ ಮಂತ್ರಿ ಬಹಿರಂಗ ಸಭೆ ಮಾಡಿದ. ಈ ತೀರ್ಪನ್ನು ಕೋರ್ಟಿನಲ್ಲಿ ಬರೆದಿಲ್ಲ, ವಿರೋಧ ಪಕ್ಷದವರ ಮನೆಯ ಜಗಲಿಯಲ್ಲಿ ಬರೆದಿದ್ದಾರೆ, ಈ ಮನುಷ್ಯ ಬರೀ ರುಜು ಹಾಕಿದ್ದಾನೆ ಎಂದ. ಮರುದಿನದಿಂದ ಮೆರವಣಿಗೆ. ಕೋರ್ಟಿನ ಗೇಟಿನ ಮುಂದೆ ಸಾಹೇಬರ ಪ್ರತಿಕೃತಿ ಸುಟ್ಟರು. ಪ್ರತಿಕೃತಿಗೆ ಕಪ್ಪು ಕೋಟು ಬೇಕಲ್ಲ, ಮಂತ್ರಿಯ ಒಂಬತ್ತು ವಕೀಲರಲ್ಲಿ ಅತಿ ಕಿರಿಯವನ ಕೋಟನ್ನೇ ಕಸಿದುಕೊಂಡು ತೊಡಿಸಿದ್ದರು. ಪಾಪ, ಅವನು ಜೈಕಾರವನ್ನೂ ಹಾಕುತ್ತಾ ಕೋಟಿಗಾಗಿ ಅಳುತ್ತಲೂ ಇದ್ದ. ಗೋಡೆಗಳ ಮೇಲೆ ಸಾಹೇಬರಿಗೆ ಬರೆದ ಬೈಗುಳಗಳನ್ನು ನಾನಿಲ್ಲಿ ಹೇಳುವುದಿಲ್ಲ. ಅವುಗಳನ್ನು ಬಕೀಟು ನೀರು ಹಾಕಿ ತಿಕ್ಕಿ ತೊಳೆದವನು ನಾನು, ಮತ್ತೆ ಬಾಯಲ್ಲಿ ಹೇಳಿ ಗಬ್ಬೆಬ್ಬಿಸಲಾರೆ.

ಮಂತ್ರಿಗೆ ಇಷ್ಟು ಸಾಲಲಿಲ್ಲ. ಶಾಸನಸಭೆಯವರದೇ ಒಂದು ವಿಚಾರಣಾ ಸಮಿತಿ ಮಾಡಿಸಿದ. ತೀರ್ಪು ಹೇಳಿದವನನ್ನು ತೀರ್ಪಿನಲ್ಲಿ ಸೋತವನ ಗೆಳೆಯರು ವಿಚಾರಿಸುವುದು. ಕುರಿ ಕಾಯಲು ತೋಳನನ್ನು ನೇಮಿಸಿದರು ಎಂದು ನಮ್ಮ ಗುಮಾಸ್ತ ಅಂದ. ತೀರ್ಪನ್ನು ಬೇರೆ ಯಾರೋ ಬರೆದದ್ದು ಎಂದು ಸಾಬೀತಾದರೆ ಸಾಹೇಬರ ಕೆಲಸ ಹೋಗುತ್ತದೆ, ತೀರ್ಪು ರದ್ದಾಗುತ್ತದೆ, ಮೈದಾನದಲ್ಲಿ ಅಂಗಡಿ ಏಳುತ್ತದೆ. ಸಾಹೇಬರೇ ಹೇಳಿ ಬರೆಸಿದರು ಎನ್ನುವುದಕ್ಕೆ ಈ ಭೂಮಿಯ ಮೇಲೆ ಇದ್ದ ಪುರಾವೆ ಒಂದೇ, ಗೀಚಕ್ಕನ ಪುಸ್ತಕ. ಜವಾನನ ಬಾಯಿಮಾತನ್ನು ಯಾರು ನಂಬುತ್ತಾರೆ?

ಹಾಗಾಗಿ ಮಂತ್ರಿಯ ಭಾಮೈದ ಗೀಚಕ್ಕನ ಮನೆಗೆ ಬಂದ. ಮಾತು ಬೆಣ್ಣೆ. ಪುಸ್ತಕ ಎಲ್ಲೋ ಕಳೆದುಹೋಯಿತು, ನೆನಪಿಲ್ಲ ಎಂದರೆ ಸಾಕಮ್ಮ, ನಿಮಗ್ಯಾಕೆ ದೊಡ್ಡವರ ಜಗಳ ಎಂದ. ಆಕೆ ಪುಸ್ತಕ ಕಳೆದಿಲ್ಲವಲ್ಲ ಎಂದಳು. ಅವನು ಕಳೆಯಬಹುದಲ್ಲ ಎಂದ. ಆಕೆ ಇಪ್ಪತ್ತಾರು ವರ್ಷದಲ್ಲಿ ಒಂದೂ ಕಳೆದಿಲ್ಲ ಎಂದಳು. ಅವನಿಗೆ ಇವಳು ದಡ್ಡಿಯೋ, ಕಿಲಾಡಿಯೋ ತಿಳಿಯಲಿಲ್ಲ. ನನಗೂ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಅದಾದ ನಾಲ್ಕೇ ದಿನಕ್ಕೆ ಭಾವನನ್ನು ಅಮಾನತು ಮಾಡಿದರು. ಭಾವ ಎಂದರೆ ಗೀಚಕ್ಕನ ಗಂಡ, ನೀರು ಸರಬರಾಜು ಕಚೇರಿಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ. ಮಂತ್ರಿಯ ಬೀದಿಗೆ ಹನ್ನೊಂದು ನಿಮಿಷ ತಡವಾಗಿ ನೀರು ಬಿಟ್ಟ ಎಂದು ಆದೇಶದಲ್ಲಿ ಬರೆದಿತ್ತು. ನಮ್ಮ ಬೀದಿಗೆ ಹನ್ನೊಂದು ದಿನ ನೀರು ಬರದಿದ್ದಾಗ ಯಾರನ್ನೂ ಅಮಾನತು ಮಾಡಿದ್ದು ನಾ ಕಾಣೆ. ಪುಸ್ತಕ ಕಳೆದರೆ ಕೆಲಸ ಸಿಗುತ್ತದೆ ಎಂದು ಭಾಮೈದ ಹೇಳಿ ಕಳಿಸಿದ, ಈ ಸಲ ಬೆಣ್ಣೆ ಇಲ್ಲದೆ. ಭಾವ ಎರಡು ದಿನ ಹೆಂಡತಿಯ ಹತ್ತಿರ ಮಾತು ಬಿಟ್ಟರು. ಚೆನ್ನಾಗಿದ್ದ ನಲ್ಲಿಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡಿ, ಒಂದನ್ನು ಕೆಡಿಸಿಯೂ ಇಟ್ಟರು. ನಾನು ಹೋದಾಗ, ನಿನ್ನ ಅಕ್ಕನಿಗೆ ಒಂದು ಪುಸ್ತಕ ಕಳೆಯೋಕೆ ಬರಲ್ಲ ನೋಡು, ನನ್ನ ಕೊಡೆ ಮಾತ್ರ ಮೂರು ಕಳೆದಿದ್ದಾಳೆ ಎಂದು ದೂರಿದರು. ಗೀಚಕ್ಕ ಒಳಗೆ ಹೋಗಿ ಅತ್ತಳು. ಅಷ್ಟು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇದು ಒಂದು ಕಡೆಯ ಕಾಟವಾಯಿತು. ಇನ್ನೊಂದು ಕಡೆಯಿಂದ ಬಂದವರು ಯಾರು ಅಂದುಕೊಂಡಿರಿ? ಸಾಹೇಬರೇ. ಸಮಿತಿಯ ಮುಂದೆ ಹಾಜರಾಗುವ ಹಿಂದಿನ ದಿನ, ಊಟದ ಬಿಡುವಿನಲ್ಲಿ, ಟೈಪಿಂಗ್ ಕೋಣೆಗೆ ತಾವೇ ನಡೆದು ಬಂದರು. ನ್ಯಾಯಾಧೀಶರೊಬ್ಬರು ಆ ಕೋಣೆಯ ಹೊಸಿಲು ದಾಟಿದ್ದನ್ನು ಆ ಕೋಣೆಯೇ ಕಂಡಿರಲಿಲ್ಲ. ಕೂರಲು ಇದ್ದ ಒಂದೇ ಸ್ಟೂಲಿನ ಮೇಲೆ ನನ್ನ ಊಟದ ಡಬ್ಬಿ ಇತ್ತು. ನಾನು ಅದನ್ನು ಎತ್ತಿಕೊಂಡೆ, ಅವರು ಕೂತರು. ನನ್ನನ್ನು ಹೊರಗೆ ಹೋಗು ಎನ್ನಲು ಮರೆತರು.

"ಆವತ್ತು ಕಡೇ ಪುಟದಲ್ಲಿ ನಾನು ಏನೇನೋ ಅಂದೆ," ಎಂದರು. "ಅದನ್ನೂ ಬರ್ಕೊಂಡ್ಯಾ?"

"ಬರ್ಕೊಂಡೆ ಸರ್."

"ಯಾಕಮ್ಮ?"

"ನೀವು ಹೇಳಿದ್ರಿ."

ಸಾಹೇಬರು ಮುಖ ಒರೆಸಿಕೊಂಡರು. ಆಮೇಲೆ ಅವರು ಆಡಿದ ಮಾತಿನಲ್ಲಿ ಫೈಲು ಎಸೆಯುವ ಮನುಷ್ಯನ ಸುಳಿವೇ ಇರಲಿಲ್ಲ. ಆ ನಾಲ್ಕು ಸಾಲು ಬಿಟ್ಟು ಓದು ಎಂದು ಬೇಡಿಕೊಂಡರು. ಫೋನು ಬಂದದ್ದನ್ನು ಅವರು ಆಗಲೇ ಮೇಲಿನ ಕೋರ್ಟಿಗೆ ತಿಳಿಸಬೇಕಿತ್ತು, ತಿಳಿಸಿರಲಿಲ್ಲ, ಅದು ಗೊತ್ತಾದರೆ ಬಡ್ತಿಯ ಮಾತಿರಲಿ, ಮಾನವೇ ಹೋಗುತ್ತದೆ. ನಿನ್ನ ಬರಹ ನಿನ್ನ ಹೊರತು ಯಾರಿಗೂ ಓದಲು ಬರುವುದಿಲ್ಲ, ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದರು. ಮಂತ್ರಿಯ ಕಡೆಯವರಿಗೆ ಇಡೀ ಪುಸ್ತಕ ಬೇಡ, ಸಾಹೇಬರಿಗೆ ನಾಲ್ಕು ಸಾಲು ಬೇಡ. ವ್ಯತ್ಯಾಸ ಇಷ್ಟೇ.

ಗೀಚಕ್ಕ ಪುಸ್ತಕದ ಮೇಲೆ ಕೈಯಿಟ್ಟಳು. "ನಾಲ್ಕು ಸಾಲು ಬಿಟ್ಟರೆ ಸರ್, ಉಳಿದದ್ದೂ ನಾನು ಕಟ್ಟಿ ಓದಿದ ಹಾಗೇ ಆಗುತ್ತೆ. ಬೇರೆಯವರಿಗೆ ಗೊತ್ತಾಗಲ್ಲ. ನನಗೆ ಗೊತ್ತಿರುತ್ತಲ್ಲ," ಎಂದಳು.

ಸಾಹೇಬರು ಎದ್ದು ಹೋದರು. ನಾನು ಊಟ ಮಾಡಲಿಲ್ಲ. ಗೀಚಕ್ಕನೂ ಮಾಡಲಿಲ್ಲ. ಎಂಥ ಹಟಮಾರಿ ಹೆಂಗಸು ಎಂದು ಆ ಹೊತ್ತು ನನಗೆ ಸಿಟ್ಟೂ ಬಂತು. ಗಂಡನ ಕೆಲಸಕ್ಕೂ ಬಗ್ಗಲಿಲ್ಲ, ಸಾಹೇಬರ ಮಾನಕ್ಕೂ ಬಗ್ಗಲಿಲ್ಲ. ಇಬ್ಬರಲ್ಲಿ ಒಬ್ಬರನ್ನಾದರೂ ಉಳಿಸಿಕೊಳ್ಳಬಾರದೇ ಎಂದು ಕೇಳಿಯೂ ಬಿಟ್ಟೆ. ನಾಳೆ ಮಾತಾಡೋಣ ಎಂದಳು.

ಮಂತ್ರಿ ಇಲ್ಲೊಂದು ಎಡವಟ್ಟು ಮಾಡಿಕೊಂಡಿದ್ದ. ಸಾಹೇಬರ ಮಾನ ಬೀದಿಯಲ್ಲಿ ಹರಾಜಾಗುವುದನ್ನು ಊರೆಲ್ಲ ನೋಡಲಿ ಎಂದು ಸಮಿತಿಯ ವಿಚಾರಣೆಯನ್ನು ಪುರಭವನದಲ್ಲಿ, ಬಾಗಿಲು ತೆರೆದು, ಪತ್ರಿಕೆಯವರನ್ನು ಕರೆದು ಇಡಿಸಿದ್ದ. ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಭಾಮೈದ, ಒಂದು ಪಕ್ಕಕ್ಕೆ ಹಾಕಿದ ಕುರ್ಚಿಯಲ್ಲಿ ಸಾಹೇಬರು, ಹಿಂದೆ ಎಲ್ಲೋ ಭಾವ. ಹೆಂಡತಿಯ ಜೊತೆ ಬಂದಿರಲಿಲ್ಲ, ಬೇರೆ ಬಸ್ಸಿನಲ್ಲಿ ಬಂದಿದ್ದರು.

ಸಮಿತಿಯ ಅಧ್ಯಕ್ಷರು ಪುಸ್ತಕವನ್ನು ಮೊದಲು ಒಬ್ಬ ಶೀಘ್ರಲಿಪಿ ಮೇಷ್ಟರ ಕೈಗೆ ಕೊಟ್ಟರು. ಗೀಚಕ್ಕನಿಗೇ ಪಾಠ ಹೇಳಿಕೊಟ್ಟ ಮುದುಕರು ಅವರು. ಭೂತಗನ್ನಡಿ ಹಿಡಿದು ಕಾಲು ಗಂಟೆ ನೋಡಿದರು, ಪುಸ್ತಕವನ್ನು ತಲೆಕೆಳಗು ಮಾಡಿಯೂ ನೋಡಿದರು. ಇದನ್ನು ಬರೆದವಳೇ ಓದಬೇಕು, ಇಲ್ಲ ದೇವರು ಓದಬೇಕು, ನಾನು ಕಲಿಸಿದ್ದು ಇದಲ್ಲ ಎಂದು ಕೈಮುಗಿದು ಹೋಗಿ ಕೂತರು. ಭವನವೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕರು. ಹಾಗಾದರೆ ಈಕೆ ಬಾಯಿಗೆ ಬಂದದ್ದು ಹೇಳಿದರೂ ಓದಿದಂತೆಯೇ ಅಲ್ಲವೇ ಎಂದು ಪತ್ರಿಕೆಯವರ ಕಡೆ ತಿರುಗಿ ಅಂದರು. ಈ ಮಾತಿಗೇ ಅವರು ಕಾಯುತ್ತಿದ್ದರು.

ಅದಕ್ಕೆ ಅವರೇ ಒಂದು ಉಪಾಯ ಹೂಡಿದರು. ತಾವು ಬೆರಳಿಟ್ಟ ಪುಟವನ್ನು ಆಕೆ ಓದಬೇಕು, ಒಬ್ಬ ಗುಮಾಸ್ತ ಬರೆದುಕೊಳ್ಳಬೇಕು. ಹತ್ತು ಬೇರೆ ಪುಟ ಓದಿಸಿ, ಮತ್ತೆ ಮೊದಲಿನದಕ್ಕೆ ಬರಬೇಕು. ಕಟ್ಟುಕತೆಯಾದರೆ ಎರಡನೇ ಸಲ ಮಾತು ಬದಲಾಗುತ್ತದೆ. ಹಂಚಿಕೆ ಒಳ್ಳೆಯದೇ, ಸುಳ್ಳು ಹೇಳಿ ಅಭ್ಯಾಸವಿದ್ದವರಿಗೆ ಮಾತ್ರ ಹೊಳೆಯುವಂಥದ್ದು.

ಗೀಚಕ್ಕ ಓದಿದಳು. ಆಕೆಯ ಓದಿನಲ್ಲಿ ರಾಗವಿಲ್ಲ, ಏರಿಳಿತವಿಲ್ಲ. ಪ್ರತಿವಾದಿಯ ಮೂರನೇ ಸಾಕ್ಷಿಯ ಹೇಳಿಕೆ ನಂಬಲರ್ಹವಲ್ಲ, ಫ್ಯಾನು ಆರಿಸೋ, ಕಾಗದ ಹಾರ್ತಿದೆ, ಸದರಿ ಸಾಕ್ಷಿಯು ಮಂತ್ರಿಯವರ ಗುತ್ತಿಗೆದಾರನಾಗಿದ್ದು, ಸೀನು, ಇನ್ನೊಂದು ಸೀನು, ಆದ್ದರಿಂದ ಹಿತಾಸಕ್ತಿ ಉಳ್ಳವನು. ಜನ ಬಿದ್ದು ಬಿದ್ದು ನಕ್ಕರು. ಹತ್ತು ಪುಟದ ನಂತರ ಮತ್ತೆ ಅದನ್ನೇ ಓದಿಸಿದರು. ಅದೇ ಫ್ಯಾನು, ಅದೇ ಎರಡು ಸೀನು, ಅದದೇ ಜಾಗದಲ್ಲಿ. ಆಗ ನಗು ನಿಂತಿತು. ಯಾರದೋ ಮನೆಯ ಜಗಲಿಯಲ್ಲಿ ಬರೆದು ತಂದ ತೀರ್ಪಿಗೆ ಯಾರು ಸೀನುತ್ತಾರೆ ಎಂದು ಮುಂದಿನ ಸಾಲಿನ ಪತ್ರಕರ್ತನೊಬ್ಬ ಪಕ್ಕದವನಿಗೆ ಹೇಳಿದ್ದು ನನಗೂ ಕೇಳಿಸಿತು. ಅಧ್ಯಕ್ಷರ ಮುಖ ಇಂಗು ತಿಂದ ಮಂಗನದಾಯಿತು. ಸಿಟ್ಟಿನಲ್ಲಿ, ಕಡೆಯ ಪುಟ ಓದಿ, ಆಜ್ಞೆ ಇರುವ ಪುಟ, ಅದನ್ನು ಯಾರು ಬರೆದುಕೊಟ್ಟರೋ ನೋಡೋಣ ಎಂದರು.

ಗೀಚಕ್ಕ ಹಾಳೆ ತಿರುಗಿಸಿದಳು. ಒಂದು ಸಲ ಸಾಹೇಬರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಬಿಟ್ಟುಬಿಡು ತಾಯಿ, ನಾಲ್ಕೇ ಸಾಲು ಎಂದು ಮನಸ್ಸಿನಲ್ಲೇ ಅಂದೆ, ಬಿಡಬೇಡ ಎಂದೂ ಅಂದೆ.

"'ಕನ್ನಡಕ ತೆಗೆದರು,'" ಎಂದು ಆಕೆ ಶುರು ಮಾಡಿದಳು. "'ನಿನ್ನೆ ಕಾನೂನು ಕಾರ್ಯದರ್ಶಿ ಫೋನ್ ಮಾಡಿದ್ದ. ಮಂತ್ರಿಗಳನ್ನ ಬಿಟ್ಟುಬಿಡಿ, ನಿಮ್ಮ ಬಡ್ತಿ ಫೈಲು ಮೇಲೆ ಹೋಗುತ್ತೆ ಅಂದ. ನನಗೆ ಹೆದರಿಕೆ ಆಗ್ತಿದೆ ಕಣಮ್ಮ.'"

ಅಧ್ಯಕ್ಷರು ಸಾಕು ಎಂದರು. ಗೀಚಕ್ಕ ಬಗ್ಗಿದ ತಲೆ ಎತ್ತಲಿಲ್ಲ.

"'ಈ ದರಿದ್ರ ನಕ್ಷೆ ಒಂದಿಲ್ಲದಿದ್ರೆ ಬಿಟ್ಟೇಬಿಡ್ತಿದ್ದೆ. ಕೆಮ್ಮು. ಹ್ಞಾಂ, ಬರ್ಕೊ. ಸದರಿ ಮೈದಾನವು ಶಾಲೆಗೆ ಸೇರಿದ್ದಾಗಿದೆ. ಪ್ರತಿವಾದಿಯು ಹದಿನೈದು ದಿನದೊಳಗೆ ಕಟ್ಟಡ ತೆರವು ಮಾಡಿ ಶಾಲೆಯ ವಶಕ್ಕೆ ಒಪ್ಪಿಸತಕ್ಕದ್ದು.'"

ಸಾಕು ಎಂದೆನಲ್ಲ ಎಂದು ಅಧ್ಯಕ್ಷರು ಮೇಜು ಗುದ್ದಿದರು. ಮುಗಿಯಿತು ಸರ್ ಎಂದು ಗೀಚಕ್ಕ ಪುಸ್ತಕ ಮುಚ್ಚಿದಳು. ಬೇಕಾದರೆ ಎರಡನೇ ಸಲ ಓದುತ್ತೇನೆ ಎಂದಳು. ಯಾರೂ ಬೇಕು ಎನ್ನಲಿಲ್ಲ.

ಆಮೇಲೆ ಸತ್ಯ ಗೆದ್ದಿತು, ಎಲ್ಲರೂ ಸುಖವಾಗಿದ್ದರು ಎಂದು ಹೇಳಲು ನನಗೂ ಆಸೆಯೇ. ತೀರ್ಪು ಉಳಿಯಿತು, ಅದು ನಿಜ. ಮೇಲಿನ ಕೋರ್ಟೂ ಎತ್ತಿಹಿಡಿಯಿತು, ಅರ್ಧ ಎದ್ದ ಅಂಗಡಿಗಳನ್ನು ಕೆಡವಿದರು. ಕಾರ್ಯದರ್ಶಿ ಉದ್ದನೆಯ ರಜೆ ಹಾಕಿದ. ಮಂತ್ರಿ ಮಾತ್ರ ಮರುದಿನವೇ ರಾಗ ಬದಲಿಸಿದ. ನಿನ್ನೆವರೆಗೆ ಈ ತೀರ್ಪು ಇವನು ಬರೆದದ್ದೇ ಅಲ್ಲ ಎಂದವನು, ನೋಡಿ, ಇಂಥ ಹೆದರುಪುಕ್ಕಲನೇ ಬರೆದದ್ದು, ಇವನೇ ಒಪ್ಪಿಕೊಂಡಿದ್ದಾನೆ ಎಂದ. ಅದೇ ಗೋಡೆಗಳ ಮೇಲೆ ಹೊಸ ಬೈಗುಳ, ಅದೇ ನನ್ನ ಬಕೀಟು. ಫೋನಿನ ವಿಷಯ ಮುಚ್ಚಿಟ್ಟದ್ದಕ್ಕೆ ಸಾಹೇಬರಿಗೆ ನೋಟೀಸು ಬಂತು, ಬಡ್ತಿ ಹೋಯಿತು, ಅವರನ್ನು ಬೇರೆ ಊರಿನ ಪುಸ್ತಕ ಭಂಡಾರದ ಮೇಲ್ವಿಚಾರಣೆಗೆ ಹಾಕಿದರು. ಗೀಚಕ್ಕನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು, ಅಲ್ಲಿ ಹೇಳುವವರೂ ಇಲ್ಲ, ಬರೆಯುವಂಥದ್ದೂ ಇಲ್ಲ. ಭಾವ ಇನ್ನೂ ಮನೆಯಲ್ಲೇ ಇದ್ದರು. ಆದರೆ ವಿಚಾರಣೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸು ಬಂದರು. ಟಿಕೆಟ್ಟು ಭಾವನೇ ತೆಗೆದುಕೊಂಡರಂತೆ.

ಸಾಹೇಬರು ಊರು ಬಿಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಗೀಚಕ್ಕನ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಬೈಯಲು ಬಂದಿದ್ದಾರೆ ಅಂದುಕೊಂಡೆವು. ಭಾವ ಕುರ್ಚಿ ಹಾಕಿ, ಗೋಡೆಗೆ ಒರಗಿ ನಿಂತರು. ಕೋಟಿಲ್ಲದೆ ಸಾಹೇಬರು ಸಣ್ಣಗೆ ಕಾಣುತ್ತಿದ್ದರು, ವಯಸ್ಸೂ ಆದಂತಿತ್ತು.

"ನಾನು ಹೆದರಿದ್ದೆ ಅಂತ ಊರಿಗೆಲ್ಲ ಹೇಳಿಬಿಟ್ಟೆಯಲ್ಲಮ್ಮ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ರಸ್ತೆಯಲ್ಲಿ ಹುಡುಗರು ತಮ್ಮನ್ನು ನೋಡಿ ಕೆಮ್ಮುತ್ತಾರೆ, ನಕ್ಷೆಯಿಂದಾಗಿ ತೀರ್ಪು ತಾನೇ ತಾನಾಗಿ ಆಯಿತು, ತಾವೇನೂ ಮಾಡಲಿಲ್ಲ ಎಂದು ತಮಗೇ ಅನ್ನಿಸತೊಡಗಿದೆ ಎಂದರು. ಮನೆಯಲ್ಲೂ ಯಾರೂ ಅದರ ಮಾತೆತ್ತುವುದಿಲ್ಲವಂತೆ. ಗೀಚಕ್ಕನ ಕಣ್ಣಲ್ಲಿ ನೀರಾಡಿತು. ಆಕೆ ಕ್ಷಮಿಸಿ ಎನ್ನಲಿಲ್ಲ. ಎನ್ನುತ್ತಾಳೆ ಎಂದು ನಾನೂ, ಭಾವನೂ ಕಾದೆವು.

"ಆ ಪುಟ ಇನ್ನೊಂದು ಸಲ ಓದು," ಎಂದರು ಸಾಹೇಬರು.

ಪುಸ್ತಕ ಸಮಿತಿಯವರ ಹತ್ತಿರ ಇದೆ ಎಂದಳು ಆಕೆ. ನಿನಗೆ ಬಾಯಿಗೆ ಬರುತ್ತದಲ್ಲ ಎಂದರು. ಬರುತ್ತಿತ್ತು. ಗೀಚಕ್ಕ ಎದ್ದು ನಿಂತಳು, ಕೋರ್ಟಿನಲ್ಲಿ ನಿಲ್ಲುವ ಹಾಗೆಯೇ, ರಾಗವಿಲ್ಲದೆ ಹೇಳಿದಳು. ಕನ್ನಡಕ, ಫೋನು, ಬಡ್ತಿ, ಹೆದರಿಕೆ, ಕೆಮ್ಮು. ಹೆದರಿಕೆಯ ಮಾತು ಬಂದಾಗ ಸಾಹೇಬರು ಕಣ್ಣು ಮುಚ್ಚಿದರು. ಹ್ಞಾಂ, ಬರ್ಕೊ ಎನ್ನುವಲ್ಲಿ ತೆರೆದರು. ಹದಿನೈದು ದಿನದೊಳಗೆ ಕಟ್ಟಡ ತೆರವು ಮಾಡಿ ಶಾಲೆಯ ವಶಕ್ಕೆ ಒಪ್ಪಿಸತಕ್ಕದ್ದು ಎಂದು ಮುಗಿಯುವವರೆಗೆ ಕದಲದೆ ಕೂತಿದ್ದರು.

"ಅದನ್ನ ನಾನೇ ಹೇಳಿದ್ದು," ಎಂದರು.

ಗೀಚಕ್ಕ, ಹೌದು ಸರ್, ನೀವೇ ಹೇಳಿದ್ದು ಎಂದಳು.